22ನೇ ಅಧ್ಯಾಯದ ಆಚೆಗೆ ಇಸಾಕ

ಸ್ಕಾಟ್ಲೆಂಡಿನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರ್ರೆ ಮಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗೆ ಮಾಡಿಕೊಟ್ಟ ಬೈಬಲ್ ವಾಚನದ ಪಟ್ಟಿಗೆ ಇಂದಿಗೂ ದೊಡ್ಡ ಹೆಸರು. ದಿನಕ್ಕೆ ನಾಲ್ಕು ಭಾಗ: ಎರಡು ಮನೆಮಂದಿಯೊಂದಿಗೆ, ಎರಡು ಏಕಾಂತದಲ್ಲಿ. ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್ ಇದನ್ನು ನೆಚ್ಚಿಕೊಂಡಿದ್ದರು, ಬೈಬಲ್ ವಿದ್ವಾಂಸ ಡಿ. ಎ. ಕಾರ್ಸನ್ ಇದನ್ನು ಅನುಸರಿಸಿ ಎರಡು ಸಂಪುಟ ಬರೆದರು. ಓದಿಗೆ ಒಂದು ಕ್ರಮ ಬರುತ್ತದೆ, ಒಪ್ಪೋಣ. ಆದರೆ ಆದಿಕಾಂಡದ ಕಥೆಗಳನ್ನು ಮನೆಯಲ್ಲಿ ಓದಬೇಕೆನ್ನುವವರು ಈ ಪಟ್ಟಿಯನ್ನು ಬದಿಗಿಡಬೇಕು. ಅದು ಕಥೆಯ ಕೊರಳನ್ನೇ ಕೊಯ್ಯುತ್ತದೆ.

ಜನವರಿ 21ರ ಕುಟುಂಬ ವಾಚನಕ್ಕೆ ಬರುವುದು ಆದಿಕಾಂಡದ 22ನೇ ಅಧ್ಯಾಯ. ಅಬ್ರಹಾಮ ಮಗನನ್ನು ಬಲಿಗೆ ಕರೆದೊಯ್ಯುತ್ತಾನೆ, ಎತ್ತಿದ ಕೈ ನಿಲ್ಲುತ್ತದೆ, ಟಗರು ಸಿಗುತ್ತದೆ, ಆಶೀರ್ವಾದ ಬರುತ್ತದೆ. ಪುಸ್ತಕ ಮುಚ್ಚಿ ಪ್ರಾರ್ಥನೆ ಮಾಡಿ ಏಳುವ ಮನೆಯವರಿಗೆ ದಕ್ಕುವುದು ಗೆದ್ದ ನಂಬಿಕೆಯ ಕಥೆ.

ಆದರೆ ಅದೇ ಅಧ್ಯಾಯದ 19ನೇ ವಚನದ ಮೇಲೆ ಬೆರಳಿಟ್ಟು ಓದಿ. ಬೆಟ್ಟ ಹತ್ತುವಾಗ ಅಪ್ಪ ಮಗ ಜೊತೆಯಾಗಿ ನಡೆದದ್ದನ್ನು ಕಥೆಗಾರ ಎರಡೆರಡು ಸಲ ಹೇಳಿದ್ದಾನೆ. ಇಳಿಯುವಾಗ ಅಬ್ರಹಾಮ ಬಂದು ಸೇರುವುದು ಆಳುಗಳನ್ನು. ಜೊತೆಯಾಗಿ ಬೇರ್ಷೆಬಕ್ಕೆ ಹೊರಡುವುದು ಅವರೊಡನೆ. ಇಸಾಕನ ಹೆಸರೇ ಇಲ್ಲ. ಇಷ್ಟೇ ಆಗಿದ್ದರೆ ಬರೆದವನ ಮರೆವು ಎನ್ನಬಹುದಿತ್ತು. ಮುಂದಿನ ಅಧ್ಯಾಯ ತೆರೆಯುತ್ತಲೇ ಸಾರಳು 127ನೇ ವಯಸ್ಸಿನಲ್ಲಿ ತೀರಿಕೊಂಡಿದ್ದಾಳೆ, ಅದೂ ಹೆಬ್ರೋನಿನಲ್ಲಿ. ಅಬ್ರಹಾಮ ಅಲ್ಲಿಗೆ ಬಂದು ಅಳುತ್ತಾನೆ, 400 ಶೆಕೆಲ್ ಬೆಳ್ಳಿ ತೂಗಿ ಸಮಾಧಿಗೆ ಜಾಗ ಕೊಳ್ಳುತ್ತಾನೆ. ಹೆತ್ತ ತಾಯಿಯ ಮಣ್ಣಿಗೂ ಇಸಾಕ ಕಾಣಿಸುವುದಿಲ್ಲ. 24ನೇ ಅಧ್ಯಾಯದಲ್ಲಿ ಅವನಿಗೆ ಹೆಣ್ಣು ತರುವ ಮಾತು ನಡೆಯುವುದು ಅಬ್ರಹಾಮನಿಗೂ ಸೇವಕನಿಗೂ ನಡುವೆ. ಕಡೆಗೊಮ್ಮೆ ಇಸಾಕ ಕಾಣುವುದು ಲಹೈರೋಯಿ ಬಾವಿಯ ಕಡೆಯಿಂದ ಬರುವಾಗ. ಅದು ಯಾರ ಬಾವಿ? ಅಬ್ರಹಾಮನ ಮನೆಯಲ್ಲಿ ಬಾಧೆ ತಾಳದೆ ಬಸುರಿ ದಾಸಿ ಹಾಗರಳು ಓಡಿಹೋದಾಗ ದೇವದೂತ ಅವಳನ್ನು ಕಂಡ ಬಾವಿ. ತಂದೆ ಸತ್ತ ಮೇಲೆ ಇಸಾಕ ನೆಲೆಸುವುದೂ ಅಲ್ಲಿಯೇ. ಬೆಟ್ಟದಿಂದಾಚೆಗೆ ತಂದೆ ಮಗ ಒಂದು ಮಾತಾಡಿದ್ದೂ ಆದಿಕಾಂಡದಲ್ಲಿಲ್ಲ. ಮಗ ಬರುವುದು ತಂದೆಯನ್ನು ಮಣ್ಣು ಮಾಡಲು, ಮನೆಯಿಂದ ಹೊರಹಾಕಲ್ಪಟ್ಟಿದ್ದ ಹಾಗರಳ ಮಗ ಇಷ್ಮಾಯೇಲನ ಜೊತೆಗೂಡಿ.

ಇಡೀ ಆದಿಕಾಂಡದಲ್ಲಿ ಇದಕ್ಕಿಂತ ದೊಡ್ಡ ಕಥನಕೌಶಲ ನನಗೆ ಕಂಡಿಲ್ಲ. ಪಟ್ಟಿ ಇದನ್ನು ಐದು ಸಂಜೆಗಳಿಗೆ ಹಂಚಿ, ನಡುನಡುವೆ ಮತ್ತಾಯನ ಸುವಾರ್ತೆಯನ್ನು ತುರುಕುತ್ತದೆ. ಅಧ್ಯಾಯದ ಗೆರೆಗಳಾದರೂ ಮೂಲದವಲ್ಲ. 13ನೇ ಶತಮಾನದ ಸ್ಟೀಫನ್ ಲ್ಯಾಂಗ್‌ಟನ್ ಹಾಕಿದವು ಎಂಬುದು ಪ್ರತೀತಿ.

ಆದಿಕಾಂಡವನ್ನು ಮೂಲ ಆಕರಗಳಾಗಿ ಬಿಡಿಸಿ ನೋಡುವ ವೆಲ್‌ಹೌಸನ್ ಪರಂಪರೆಯ ಪಂಡಿತರು ಇಲ್ಲಿ ತಕರಾರು ತೆಗೆಯುತ್ತಾರೆ: 22, 23, 24 ಬೇರೆಬೇರೆ ಆಕರಗಳಿಂದ ಬಂದವು, ಇಸಾಕನ ಗೈರುಹಾಜರಿ ಬರಿಯ ಹೊಲಿಗೆಯ ಗುರುತು. ಆಕರಗಳ ವಾದ ನಿಜವೇ ಇರಲಿ. ಹೊಲಿದವನಿಗೆ ಕಣ್ಣಿರಲಿಲ್ಲವೇ? ಬಲಿಯ ಬೆನ್ನಿಗೇ ತಾಯಿಯ ಸಾವನ್ನು ತಂದಿಟ್ಟವನು, ಬೇರೆಲ್ಲ ಬಾವಿಗಳನ್ನು ಬಿಟ್ಟು ಹಾಗರಳ ಬಾವಿಯನ್ನೇ ಉಳಿಸಿಕೊಂಡವನು ಸುಮ್ಮನೆ ಹಾಳೆ ಜೋಡಿಸುತ್ತಿದ್ದ ಎಂದು ನಂಬಲಾರೆ. ಎಳೆ ಬಿಡಿಸುವ ಉಮೇದಿನಲ್ಲಿ ಈ ಪಂಡಿತರು ಬಟ್ಟೆಯನ್ನೇ ನೋಡಲಿಲ್ಲ. ಭಕ್ತರ ಪಟ್ಟಿಯೂ ಅವರ ವಿಶ್ಲೇಷಣೆಯೂ ಕಥೆಯನ್ನು ಹರಿಯುವುದು ಒಂದೇ ಜಾಗದಲ್ಲಿ.

ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡ್ 1843ರಲ್ಲಿ ಇದೇ ಬಲಿಯ ಮೇಲೆ ಪುಸ್ತಕ ಬರೆದಾಗ, ಬೆಟ್ಟ ಇಳಿದು ನಂಬಿಕೆ ಕಳೆದುಕೊಂಡ ಇಸಾಕನೊಬ್ಬನನ್ನು ಕಲ್ಪಿಸಿಕೊಂಡ. ಅವನಿಗೆ ಕಿವಿಯಿತ್ತು. ಆದರೆ ಅಷ್ಟು ಕಲ್ಪನೆಯೂ ಬೇಕಿರಲಿಲ್ಲ. ಮೂರು ಅಧ್ಯಾಯ ಮುಂದೆ ಓದಿದ್ದರೆ ಸಾಕಿತ್ತು.

ಮಕ್‌ಚೇನ್‌ಗೆ ಅಪಾಯ ಗೊತ್ತಿರಲಿಲ್ಲವೆಂದಲ್ಲ. ಓದು ಬರಿಯ ವಾಡಿಕೆಯಾದೀತು, ಹೊರಲಾರದ ನೊಗವಾದೀತು ಎಂದು ತಾನೇ ಎಚ್ಚರಿಸಿದ್ದ. ಕಥೆ ತುಂಡಾದೀತು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. 21ರಿಂದ 25ನೇ ಅಧ್ಯಾಯದ 11ನೇ ವಚನದವರೆಗೆ ಒಂದೇ ಸಂಜೆ ಗಟ್ಟಿಯಾಗಿ ಓದಿ. ಅರ್ಧ ಗಂಟೆಯ ಕೆಲಸ. ಮಕ್ಕಳು ಮನೆಯಲ್ಲಿದ್ದರೆ, ಇಸಾಕ ಎಲ್ಲಿ ಹೋದ ಎಂದು ಅವರೇ ಕೇಳುತ್ತಾರೆ.