ಹಿಂದಿನ ಚೀಲಕ್ಕೆ ಮೊದಲ ಮಣೆ

ಬೆಂಚಿನ ಮುಂದೆ ಕೂತು, ಮರಳು ಚೀಲದ ಮೇಲೆ ರೈಫಲ್ ಮಲಗಿಸಿ ಹೊಡೆಯುವುದೂ ಒಂದು ಗುರಿಗಾರಿಕೆಯೇ ಎಂದು ಮೂಗು ಮುರಿಯುವವರು ಬೇಕಾದಷ್ಟಿದ್ದಾರೆ. ಕೊಡಗಿನವರ ಮುಂದಂತೂ ಈ ಮಾತೆತ್ತುವುದೇ ಕಷ್ಟ. ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿನ ಹೊತ್ತಿಗೆ ನಿಂತ ನಿಲುವಿನಲ್ಲೇ ತೆಂಗಿನಕಾಯಿಗೆ ಗುಂಡಿಕ್ಕುವವರಿಗೆ ಮೇಜು, ಕುರ್ಚಿ, ಚೀಲಗಳೆಲ್ಲ ಸೋಮಾರಿಗಳ ಸಾಮಾನಿನಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ 1973ರಲ್ಲಿ ಅಮೆರಿಕದ ಮ್ಯಾಕ್ ಮ್ಯಾಕ್‌ಮಿಲನ್ 100 ಗಜ ದೂರದ ಕಾಗದದಲ್ಲಿ ಐದು ಗುಂಡುಗಳನ್ನು 0.009 ಇಂಚಿನ ಗುಂಪಿಗೆ ಕೂರಿಸಿದ್ದು ಬೆಂಚಿನ ಮೇಲಿಂದಲೇ. ಅತಿ ದೂರ ಬಿದ್ದ ಎರಡು ಗುಂಡುಗಳ ನಡುಬಿಂದುಗಳ ಅಂತರ ಅದು, ಕಾಲು ಮಿಲಿಮೀಟರಿಗಿಂತಲೂ ಕಡಿಮೆ. ಅದನ್ನು ಮೀರಿಸಲು ಸುಮಾರು 40 ವರ್ಷ ಬೇಕಾಯಿತು.

ಇನ್ನು, ಆಸರೆ ಇದ್ದರೆ ಆಟ ಸುಲಭ ಎನ್ನುವವರು ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿಯವರ ಸ್ಪರ್ಧೆಯನ್ನೊಮ್ಮೆ ನೋಡಬೇಕು. ಕೈಗಳಿಂದ ರೈಫಲ್‌ನ ಭಾರ ಹೊರಲಾಗದ ಎಸ್‌ಎಚ್2 ವರ್ಗದ ಪ್ಯಾರಾ ಶೂಟರುಗಳಿಗೆ ಒಂದು ಸ್ಟ್ಯಾಂಡಿಗೆ ಅವಕಾಶವಿದೆ. ಆ ಸ್ಟ್ಯಾಂಡಿನ ತುದಿಯಲ್ಲಿ ಸ್ಪ್ರಿಂಗ್ ಇರಲೇಬೇಕು. ಭಾರ ಸ್ಟ್ಯಾಂಡಿನದು, ಅಲುಗಾಟ ಮಾತ್ರ ಪೂರ್ತಿ ಶೂಟರಿನದು. ಅಂಥ ಸ್ಟ್ಯಾಂಡಿನ ಮೇಲಿಂದ ಫ್ರಾನ್ಸಿನ ಶಾತೋರುವಿನಲ್ಲಿ ನಡೆದ 2022ರ ವಿಶ್ವಕಪ್‌ನಲ್ಲಿ ಅವರು 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು.

ಬೆಂಚಿಗೆ ಮರಳೋಣ. ರೆಸ್ಟ್, ಅಂದರೆ ರೈಫಲ್ ಮಲಗಿಸುವ ಆಸರೆ, ಕೊಳ್ಳಲು ಹೊರಟವರು ಮೊದಲು ಕೇಳುವುದು, ಇದು ಕೋವಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂತ. ಎಷ್ಟು ಸಲೀಸಾಗಿ ಬಿಡುತ್ತದೆ ಎಂದು ಕೇಳುವವರು ಕಡಿಮೆ. ಗುಂಡು ಇನ್ನೂ ನಳಿಗೆಯೊಳಗೇ ಇರುವಾಗ ರೈಫಲ್ ಹಿಂದಕ್ಕೆ ಒದೆಯಲು ಶುರುಮಾಡಿರುತ್ತದೆ. ಆ ಒದೆತವನ್ನು ತಡೆಯಲು ನಮ್ಮಿಂದ ಆಗದು. ಪ್ರತಿ ಸಲವೂ ಅದೇ ದಾರಿಯಲ್ಲಿ, ನೆಟ್ಟಗೆ ಹಿಂದಕ್ಕೆ ಜಾರುವಂತೆ ನೋಡಿಕೊಳ್ಳಬಹುದು, ಅಷ್ಟೆ. ಮುಂದಿನ ಆಸರೆಯನ್ನೂ ಹಿಂದಿನದನ್ನೂ ಒಂದೇ ಚೌಕಟ್ಟಿಗೆ ಜೋಡಿಸಿ, ಅದರ ಮೇಲೆ ತೂಕ ಹೇರಿ ಒದೆತವನ್ನೇ ಕಟ್ಟಿಹಾಕುವ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಭುಜಕ್ಕೇನೋ ಸುಖ. ಆದರೆ ಭುಜ ಉಣ್ಣಬೇಕಿದ್ದ ಪೆಟ್ಟನ್ನು ಸ್ಟಾಕ್ ಮತ್ತು ದೂರದರ್ಶಕ ಉಣ್ಣುತ್ತವೆ. ಭಾರೀ ತೋಟಾದ ರೈಫಲ್ ಆದರೆ ಮರದ ಸ್ಟಾಕ್ ಸೀಳಿದರೂ ಸೀಳಬಹುದು. ನನ್ನ ಬೆಂಚಿನ ಮೇಲೆ ಅಂಥದ್ದಕ್ಕೆ ಜಾಗವಿಲ್ಲ.

ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕೆಂದಾದರೆ ಹಿಂದಿನ ಚೀಲ ಕೊಳ್ಳಿ. ಇದನ್ನು ಕೇಳಿ ನಗುವವರಿದ್ದಾರೆ, ನಗಲಿ. ಮುಂದಿನ ರೆಸ್ಟ್ ಭರ್ಜರಿಯಾಗಿದ್ದು ರೈಫಲ್‌ನ ಹಿಂತುದಿಯಾದ ಬಟ್ಟಿನ ಕೆಳಗೆ ಮಡಿಚಿದ ಟವೆಲ್ ತುರುಕಿದವರಿಗಿಂತ, ಮುಂದೆ ಸಾದಾ ಮರಳು ಚೀಲವಿಟ್ಟು ಹಿಂದೆ ಒಳ್ಳೆಯ ಚೀಲ ಇಟ್ಟವರ ಗುಂಪೇ ಚಿಕ್ಕದಾಗಿ ಬರುತ್ತದೆ. ಈ ಚೀಲಕ್ಕೆ ಮೊಲದ ಕಿವಿಯಂತೆ ಎರಡು ಏಣುಗಳಿರುತ್ತವೆ, ಬಟ್ಟಿನ ಕೆಳ ಅಂಚು ಅವುಗಳ ನಡುವೆ ಕೂರಬೇಕು. ತಳ ಅಗಲವಾಗಿರಲಿ, ಚರ್ಮ ದಪ್ಪವಿರಲಿ. ಒಳಗೆ ಮರಳನ್ನು ಕುಟ್ಟಿ ಕುಟ್ಟಿ ತುಂಬಿರಬೇಕು. ಅರೆಬರೆ ತುಂಬಿದ್ದು ಪ್ರತಿ ಗುಂಡಿಗೂ ಒಂದೊಂದು ಆಕಾರ ತಾಳುತ್ತದೆ. ಮರಳು ತೊಳೆದು, ಒಣಗಿಸಿ, ಜರಡಿ ಹಿಡಿದದ್ದಾಗಿರಲಿ. ಹಸಿ ಮರಳು ಚರ್ಮವನ್ನು ಒಳಗಿನಿಂದ ಕೊಳೆಸುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕಿವಿಗಳ ನಡುವೆ ರೈಫಲ್ ಕಿರುಗುಟ್ಟಿ ತಡೆದು ತಡೆದು ಜಾರಿದರೆ ಒಂದು ಚಿಟಿಕೆ ಟಾಲ್ಕಂ ಪೌಡರ್ ಸವರಿ. ಪ್ಲಾಸ್ಟಿಕ್ ಮಣಿ ತುಂಬಿದ ಹಗುರ ಚೀಲ ಹೊತ್ತು ನಡೆಯುವವರಿಗಿರಲಿ. ಬೆಂಚಿಗೆ ಭಾರವೇ ಭೂಷಣ.

ಮುಂದಿನ ರೆಸ್ಟ್ ಬಗ್ಗೆ ಹೇಳಬೇಕಾದ್ದು ಕಡಿಮೆ. ಎರಕದ ಕಬ್ಬಿಣದ್ದು, ಮೂರು ಕಾಲಿನದು, ಕಾಲುಗಳಲ್ಲಿ ಮಟ್ಟ ಮಾಡುವ ಸ್ಕ್ರೂ ಇರುವಂಥದ್ದು ಸಾಕು. ಅದರ ಮೇಲಿನ ಪುಟ್ಟ ಚೀಲದ ಅಗಲ ನಿಮ್ಮ ಸ್ಟಾಕಿನ ಮುಂಭಾಗಕ್ಕೆ ಸರಿಹೊಂದುತ್ತದೋ ಇಲ್ಲವೋ ನೋಡಿಕೊಳ್ಳಿ. ಗೇಣಗಲದ ಚೀಲದಲ್ಲಿ ಸಪೂರ ಬೇಟೆ ರೈಫಲ್ ಅತ್ತಿತ್ತ ಹೊರಳಾಡುತ್ತದೆ. ಒಂದೇ ಹಿಡಿಕೆಯಿಂದ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಗುರಿ ಹೊರಳಿಸುವ ರೆಸ್ಟ್‌ಗಳೂ ಇವೆ. ಅವುಗಳಲ್ಲಿ ಇಂಡೋನೇಷ್ಯಾದ ಸೆಬಾಸ್ಟಿಯನ್ ಲಂಬಾಂಗ್ ರೂಪಿಸಿದವು ಹೆಸರುವಾಸಿ. ಗಾಳಿ ಬದಲಾಗುವ ಮುಂಚೆ ಸರಸರ ಐದು ಗುಂಡು ಮುಗಿಸಬೇಕಾದ ಸ್ಪರ್ಧಿಗೆ ಅವುಗಳ ಬೆಲೆ ನ್ಯಾಯವೇ. ತೋಟಾ ಪರೀಕ್ಷಿಸಲು ಕೂತವರಿಗೆ ಅಷ್ಟು ಅವಸರವೇನಿದೆ?

ಎರಡು ಕಾಲಿನ ಆಸರೆಯಾದ ಬೈಪಾಡ್ ಕತೆ ಬೇರೆ. ಅದು ಹೊಲ, ಗುಡ್ಡ, ಬಯಲಿನದು. ರೈಫಲಿಗೇ ಅಂಟಿಕೊಂಡು ಬರುತ್ತದೆ, ನೆಲ ಹೇಗಿದ್ದರೂ ಒಗ್ಗಿಕೊಳ್ಳುತ್ತದೆ. ಅದನ್ನು ಕಾಂಕ್ರೀಟ್ ಬೆಂಚಿನ ಮೇಲಿಟ್ಟರೆ ಗುಂಡು ಹಾರಿದ ಕ್ಷಣ ಚಂಗನೆ ನೆಗೆಯುತ್ತದೆ. ಕಾಲುಗಳ ಕೆಳಗೊಂದು ದಪ್ಪ ಮ್ಯಾಟ್ ಹಾಸಿ, ಭುಜದಿಂದ ರೈಫಲನ್ನು ತುಸು ಮುಂದಕ್ಕೆ ಒತ್ತಿಕೊಂಡು ಹೊಡೆದರೆ ನೆಗೆತ ತಗ್ಗುತ್ತದೆ. ಆದರೆ ಆ ಒತ್ತಡ ಪ್ರತಿ ಸಲವೂ ಒಂದೇ ಸಮ ಇರಬೇಕು, ಕಷ್ಟವಿರುವುದು ಅಲ್ಲೇ. ಕೊಳ್ಳುವುದಾದರೆ 6ರಿಂದ 9 ಇಂಚು ಎತ್ತರದ ಹ್ಯಾರಿಸ್ ಕಂಪನಿಯ ಬೈಪಾಡ್ ಬೆಂಚಿಗೆ ಧಾರಾಳ ಸಾಕು, ಎಡಬಲಕ್ಕೆ ವಾಲುವ ಮಾದರಿಯನ್ನೇ ಆರಿಸಿ. ಉದ್ದ ಕಾಲಿನದು ಬೆಂಚಿನ ಮೇಲೆ ನಡುಗುತ್ತದೆ.

ಬೈಪಾಡಿನಿಂದ ಅಚ್ಚುಕಟ್ಟು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ಕೆನಡಾದ ಜಾರ್ಜ್ ಫಾರ್ಕರ್‌ಸನ್ ಹುಟ್ಟುಹಾಕಿದ, ದೂರದ ಗುರಿಗೆ ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆಯ ಎಫ್‌ಟಿಆರ್ ವಿಭಾಗದಲ್ಲಿ .223 ಅಥವಾ .308 ತೋಟಾ ಮಾತ್ರ. ಬೈಪಾಡ್ ಸೇರಿ ರೈಫಲ್‌ನ ತೂಕ 8.25 ಕಿಲೋ ದಾಟಬಾರದು. ಅಲ್ಲಿ ಮಲಗಿ ಹೊಡೆಯುವವರ ಬೈಪಾಡುಗಳು ಬಲು ಅಗಲ, ಹಲವುಗಳ ಪಾದಗಳು ಹಿಮದ ಮೇಲೆ ಜಾರುವ ಸ್ಕೀಗಳಂತೆ ಚಪ್ಪಟೆ. ಬೈಪಾಡಿಗೂ ನೇರ ಜಾರುವುದನ್ನು ಕಲಿಸಿದ್ದಾರೆ ನೋಡಿ!

ಯಾವುದನ್ನೇ ಕೊಂಡರೂ ಬೆಂಚಿಗೆ ಕೂತ ಮೇಲೆ ಒಂದೆರಡು ಕೆಲಸ ಉಳಿದಿರುತ್ತವೆ. ನಳಿಗೆ ಯಾವುದಕ್ಕೂ ತಾಗಬಾರದು, ಆಸರೆ ಏನಿದ್ದರೂ ಸ್ಟಾಕಿಗೆ. ಸ್ಟಾಕಿನ ಕೆಳಗೆ ಪಟ್ಟಿ ಸಿಕ್ಕಿಸುವ ಗುಬಟು ಚೀಲಕ್ಕೆ ಬಡಿಯುವಂತಿದ್ದರೆ ಬಿಚ್ಚಿಡಿ. ಆಮೇಲೆ ತೋಟಾ ತುಂಬದೆಯೇ ರೈಫಲನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ಜಾರಿಸುತ್ತ ದೂರದರ್ಶಕದಲ್ಲಿ ನೋಡಿ. ಅಡ್ಡನೂಲು ಗುರಿಯ ಮೇಲಿಂದ ನೆಟ್ಟಗೆ ಮೇಲೆ ಕೆಳಗೆ ಓಡಿದರೆ ಸರಿ. ಓರೆಯಾಗಿ ಓಡಿದರೆ ಮುಂದಿನ ರೆಸ್ಟ್ ಮುಟ್ಟಬೇಡಿ, ಹಿಂದಿನ ಚೀಲವನ್ನು ಒಂದು ಬೆರಳಷ್ಟು ಸರಿಸಿ ಮತ್ತೆ ನೋಡಿ.