ಒಡಂಬಡಿಕೆಯೋ, ಕರಾರೋ?

ಗದಗ-ಬೆಟಗೇರಿ ಸೀಮೆಯ ಪ್ರಬೋಧನೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ವಾದವೊಂದಿದೆ: ದೇವರು ಇಸ್ರಯೇಲರೊಂದಿಗೆ ಒಡಂಬಡಿಕೆ ಮಾಡಿಕೊಂಡರು, ಆ ಜನ ಅದನ್ನು ಮುರಿದರು, ಆದುದರಿಂದ ಅದು ರದ್ದಾಗಿ ನಮಗೆ ಹೊಸದು ದೊರಕಿತು. ನಮ್ಮ ವಿದ್ಯಾರ್ಥಿಗಳೂ ಹೀಗೆಯೇ ಬರೆಯುತ್ತಾರೆ. ಹಿಂದೊಮ್ಮೆ ನಾವೂ ಹೀಗೆಯೇ ಬೋಧಿಸಿದ್ದುಂಟು. ಈ ವಾದ ದೇವವಾಕ್ಯದ ಮುಂದೆ ನಿಲ್ಲಲಾರದು ಎಂಬುದು ನಮ್ಮ ಅಭಿಪ್ರಾಯ. ಜನರು ಮುರಿದೊಡನೆ ರದ್ದಾಗುವುದಾದರೆ ನಮ್ಮ ಪಾಲಿನದಾದರೂ ಎಷ್ಟು ದಿನ ಉಳಿದೀತು?

ತೊಡಕು ಭಾಗಶಃ ಪದದಲ್ಲಿಯೇ ಇದೆ. ಕನ್ನಡದಲ್ಲಿ ಒಡಂಬಡು ಎಂದರೆ ಸಮ್ಮತಿಸು. ಹೀಗಾಗಿ ಒಡಂಬಡಿಕೆ ಎಂದೊಡನೆ ಇಬ್ಬರು ಸಹಿ ಹಾಕಿದ ಕರಾರುಪತ್ರ ನೆನಪಾಗುತ್ತದೆ. ಆದರೆ ಹೀಬ್ರೂವಿನ ‘ಬೆರಿತ್’ಗೆ ಗ್ರೀಕ್ ಭಾಷಾಂತರಕಾರರು ಆರಿಸಿಕೊಂಡ ‘ದಿಯಾಥೇಕೆ’ಗೆ ಮೃತ್ಯುಪತ್ರವೆಂಬ ಅರ್ಥವೂ ಉಂಟು. ಗಲಾತ್ಯರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ಸಂತ ಪೌಲರು ಈ ಅರ್ಥವನ್ನೇ ಹಿಡಿದು, ಕ್ರಿಸ್ತರಿಗೆ ಸೇರಿದವರನ್ನು ಅಬ್ರಹಾಮನ ವಾರಸುದಾರರೆನ್ನುತ್ತಾರೆ. ಮುಂಡರಗಿಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂದೆ ತೀರಿದ ಮೇಲೆ ವಾರಸಾ ಪ್ರಕಾರ ಉತಾರದಲ್ಲಿ ಅವನ ಹೆಸರು ಏರುತ್ತದೆ. ಹೊಲವನ್ನು ಅವನು ಗಳಿಸಿದವನಲ್ಲ, ಕೊಂಡವನಲ್ಲ. ಹೊಲದ ಮೇಲೆ ಬೋಜಾ ಇದ್ದರೆ ಅದೂ ಅವನದೇ.

ಧರ್ಮೋಪದೇಶಕಾಂಡದ 29ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಈಜಿಪ್ಟಿನಿಂದ ಹೊರಟ ಹಿರಿಯ ತಲೆಮಾರು ಮರುಭೂಮಿಯಲ್ಲಿ ಅಳಿದಿದೆ; ಮೋವಾಬಿನಲ್ಲಿ ಮೋಶೆಯ ಮುಂದೆ ನಿಂತವರು ಅವರ ಮಕ್ಕಳು. ನೆರೆದವರೊಂದಿಗೆ ಮಾತ್ರವಲ್ಲ, ಆ ದಿನ ಅಲ್ಲಿ ಇಲ್ಲದವರೊಂದಿಗೂ ಈ ಒಡಂಬಡಿಕೆ ಎಂದು ಅವನು ಸಾರುತ್ತಾನೆ. ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ನೆಲದಲ್ಲಿ ಬೆಳೆದವರಿಗೆ ಈ ಧ್ವನಿ ಹೊಸದಲ್ಲ. ದತ್ತಿಶಾಸನಗಳು ಸೂರ್ಯಚಂದ್ರರಿರುವವರೆಗೆ ದತ್ತಿ ನಡೆಯಲೆಂದು ಇನ್ನೂ ಹುಟ್ಟದ ಅರಸರಿಗೆ ಹೇಳುತ್ತವೆ. ತಾನು ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಯುವುದು ಹೆಚ್ಚಿನ ಪುಣ್ಯವೆನ್ನುತ್ತವೆ. ಹೋಲಿಕೆ ಇಲ್ಲಿಗೆ ಸಾಕು. ಶಾಸನದ ದತ್ತಿಯನ್ನು ಮುಂದೆ ಬರುವವರು ಕಾಯಬೇಕು. ಒಡಂಬಡಿಕೆಯನ್ನು ಕೊಟ್ಟವರೇ ಕಾಯುತ್ತಾರೆ.

ಹಿಬ್ರಿಯರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಮೊದಲನೆಯದು ಹಳತಾಯಿತೆನ್ನುತ್ತದಲ್ಲ ಎಂದು ಕೇಳಬಹುದು. ಹೌದು, ಹೇಳುತ್ತದೆ, ಮರೆಮಾಚಲಾಗದು. ಆದರೆ ಅಲ್ಲಿನ ಚರ್ಚೆ ಗುಡಾರ, ಯಾಜಕತ್ವ, ಬಲಿಗಳನ್ನು ಕುರಿತದ್ದು. ಅದೇ ಪತ್ರದ 11ನೆಯ ಅಧ್ಯಾಯ ಪೂರ್ವಜರು ನಮ್ಮನ್ನು ಬಿಟ್ಟು ಸಿದ್ಧಿಗೆ ಬರಬಾರದೆಂಬುದು ದೈವಸಂಕಲ್ಪವಾಗಿತ್ತು ಎಂದು ಮುಗಿಯುತ್ತದೆ. ರದ್ದಾದ ಕರಾರಿನ ಪಕ್ಷಗಾರರನ್ನು ಯಾರೂ ಹೀಗೆ ಕಾಯಿಸಿ ಕೂರಿಸುವುದಿಲ್ಲ. ರೋಮನರಿಗೆ ಬರೆದ ಪತ್ರದ ಕಾಡು ಓಲಿವ್ ಕೊಂಬೆಯೂ ಹಳೆಯ ಬೇರಿನಿಂದಲೇ ಜೀವಿಸುತ್ತದೆ. ಈ ಚಿತ್ರವನ್ನೇ 1965ರಲ್ಲಿ ‘ನೋಸ್ತ್ರಾ ಎತಾತೆ’ ಎತ್ತಿಕೊಂಡಿತು. 1980ರಲ್ಲಿ ಮೈನ್ಸ್ ನಗರದಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಯೆಹೂದ್ಯರೊಂದಿಗಿನ ಒಡಂಬಡಿಕೆ ಎಂದೂ ಹಿಂತೆಗೆಯಲ್ಪಟ್ಟಿಲ್ಲವೆಂದರು.

ನಮ್ಮನ್ನು ಹೆಚ್ಚು ಕಾಡುವುದು ಬೇರೊಂದು ಪ್ರಶ್ನೆ. ಬಾಸೆಲ್ ಮಿಷನ್ ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. ಈ ಸೀಮೆಯ ಹಳೆಯ ಕ್ರೈಸ್ತ ಮನೆತನಕ್ಕೂ ಆರೇಳು ತಲೆಮಾರುಗಳಿಗಿಂತ ಹೆಚ್ಚಿನ ಕ್ರೈಸ್ತ ಹಿರಿಯರಿಲ್ಲ. ಅದಕ್ಕೂ ಹಿಂದಿನವರು? ಅಬ್ರಹಾಮನನ್ನು ಪಡೆಯಲು ಸ್ವಂತ ಮುತ್ತಜ್ಜನನ್ನು ಕಳೆದುಕೊಳ್ಳಬೇಕೆ? ಸಕಲ ಜೀವಿಗಳೊಂದಿಗೆ ಮಾಡಿದ ನೋಹನ ಒಡಂಬಡಿಕೆ ಅನ್ಯಜನಾಂಗಗಳ ಕಾಲದುದ್ದಕ್ಕೂ ಊರ್ಜಿತವೆಂದು 1992ರ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಆ ಮುತ್ತಜ್ಜನನ್ನು ದೇವರ ಮಾತಿನಿಂದ ಹೊರಗಿರಿಸುವ ಅಧಿಕಾರ ಪ್ರಬೋಧಕರಿಗಿಲ್ಲ.

ಮೋವಾಬಿನ ಸಭೆಯಲ್ಲಿಯೂ ಇಸ್ರಯೇಲಿನ ಪೂರ್ವಜರಿಲ್ಲದವರಿದ್ದರು: ಪಾಳೆಯಕ್ಕೆ ಸೌದೆ ಒಡೆಯುವ, ನೀರು ತರುವ ಪರದೇಶಿಗಳು. ಕುಲನಾಯಕರ ಜೊತೆಯಲ್ಲೇ ಮೋಶೆ ಅವರನ್ನೂ ಎಣಿಸುತ್ತಾನೆ. ಕಳೆದ ವರ್ಷ ಸ್ನಾನದೀಕ್ಷೆ ಪಡೆದ ಕುಟುಂಬವನ್ನು ಇಂದಿಗೂ ‘ಹೊಸಬರು’ ಎಂದು ಬೇರೆಯಾಗಿ ಕರೆಯುವ ಧರ್ಮಕೇಂದ್ರಗಳಲ್ಲಿ ಈ ಅಧ್ಯಾಯವನ್ನು ಓದುವಾಗ 11ನೆಯ ವಚನವನ್ನು ಬಿಡದೆ ಓದಬೇಕೆಂದು ನಮ್ಮ ಕೋರಿಕೆ.