ಅಧ್ಯಾಯಕ್ಕೊಂದು ದಿಗಿಲು, ಅಧ್ಯಾಯಕ್ಕೊಂದು ಒಲವು

ಸಂಪಾದಕರ ಒಪ್ಪಿಗೆಗೆ ಕಾಯದೆ ಬರೆದವರೇ ಕಥೆ ಪ್ರಕಟಿಸುವ ದಾರಿಯನ್ನು, 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿ ಎಂಬ ಆನ್‌ಲೈನ್ ವೇದಿಕೆ ಕನ್ನಡಕ್ಕೂ ತೆರೆಯಿತು. ಅಲ್ಲಿ ಪ್ರೇಮಕಥೆಗಳೂ ಹಾರರ್ ಕಥೆಗಳೂ ರಾಶಿ ರಾಶಿ. ಆಳಂದ, ಜೇವರ್ಗಿಯ ಓದುಗರು ಹೊಸ ಕಥೆಗಾಗಿ ಕಲಬುರಗಿಯ ಬಸ್ಸು ಹತ್ತಬೇಕಿಲ್ಲ, ಮೊಬೈಲ್ ಸಾಕು.

ಕಂತು ಕಂತಾಗಿ ಬರುವ ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಈ ಬರವಣಿಗೆಯ ಕಸುಬು. ನಡುರಾತ್ರಿ ಬಾಗಿಲು ಬಡಿದದ್ದು ಯಾರೆಂದು ತಿಳಿಯುವ ಮೊದಲೇ ಅಧ್ಯಾಯ ಮುಗಿದಿರುತ್ತದೆ. ಪ್ರೇಮಕಥೆಯಲ್ಲಿ ಉತ್ತರ ಹೇಳಬೇಕಾದವಳು ಸುಮ್ಮನಾಗಿರುತ್ತಾಳೆ. ‘ಮುಂದಿನ ಭಾಗ ಯಾವಾಗ?’ ಎಂದು ಓದುಗರು ಲೇಖಕರನ್ನೇ ನೇರವಾಗಿ ಕೇಳುತ್ತಾರೆ.

ದಿಗಿಲಿಗೆ ಕಲಬುರಗಿ ಸೀಮೆಯಲ್ಲಿ ಸರಕು ಕಡಿಮೆಯಿಲ್ಲ. ಭೀಮಾ–ಅಮರ್ಜಾ ಸಂಗಮದ ಬಳಿಯ, ಅಫಜಲಪುರ ತಾಲ್ಲೂಕಿನ ಗಾಣಗಾಪುರ ದತ್ತ ಕ್ಷೇತ್ರಕ್ಕೆ ದೆವ್ವ ಬಿಡಿಸಿಕೊಳ್ಳಲೆಂದೇ ಜನ ಬರುತ್ತಾರೆ. ಅಲ್ಲಿನ ಆರತಿ ಹೊತ್ತಿನ ಗದ್ದಲವನ್ನು ಕಲಬುರಗಿಯ ಮಾತಿನಲ್ಲೇ ಬರೆಯಬಲ್ಲವರಿಗೆ ಪಾಳುಬಂಗಲೆ, ಬಾವಲಿಗಳ ಹಂಗೇ ಬೇಡ.